ಅರ್ಧ ಮಿಲಿಮೀಟರ್ ಗಂಧ

ಎರಡು ಸ್ಕೋಪುಗಳನ್ನೂ ಲೋಕೇಶನೇ ಬನಿಯನ್ ವೇಸ್ಟಿನ ಬಟ್ಟೆಯಲ್ಲಿ ಬೇರೆ ಬೇರೆಯಾಗಿ ಸುತ್ತಿ, ಊಟದ ಡಬ್ಬಿ ತರುವ ಬ್ಯಾಗಿನಲ್ಲಿ ಪಕ್ಕಪಕ್ಕ ಮಲಗಿಸಿದ. ಒಂದು ನೆಟ್ಟಗಿತ್ತು, ಇನ್ನೊಂದು ಸೊಟ್ಟಗಿತ್ತು. ಹೊರಗಿನಿಂದ ಎರಡೂ ಒಂದೇ: ಒಂದೂವರೆ ಗೇಣು ಉದ್ದದ ಕಪ್ಪು ಕೊಳವೆ, ನಡುವೆ ಎರಡು ನಾಬು, ಕೆಳಗೆ ಬೆರಳಗಲದ ಚಪ್ಪಟೆ ತಳ, ಎರಡೂ ತುದಿಗೆ ಮಸೂರ. ಬಂದೂಕಿನ ಬೆನ್ನ ಮೇಲೆ ಕೂರಿಸಿ ಕಣ್ಣಿಟ್ಟಾಗ ಮಾತ್ರ ದೂರದ ಗುರಿಯ ಮೇಲೆ ಕೂದಲಿಗಿಂತ ತೆಳುವಾದ ಎರಡು ಗೆರೆಗಳು ಒಂದನ್ನೊಂದು ದಾಟಿ ನಿಂತದ್ದು ಕಾಣುತ್ತದೆ. ಅದೇ ರೆಟಿಕಲ್. ನಿಂತ ಗೆರೆ ಒಂದು ಡಿಗ್ರಿ ವಾಲಿದ್ದರೂ ಹತ್ತಿರದ ಗುರಿಗೆ ಏನೂ ಆಗುವುದಿಲ್ಲ. ದೂರ ಹೆಚ್ಚಿ ನಾಬು ಏರಿಸಿದಂತೆಲ್ಲ ಗುಂಡು ಪಕ್ಕಕ್ಕೆ ಸರಿಯುತ್ತ ಹೋಗುತ್ತದೆ. ಬಟ್ಟೆ ಸುತ್ತುವಾಗ ಅವನಿಗೆ ತನ್ನ ಬೆರಳುಗಳು ಯಾವುದೋ ಮಗುವಿಗೆ ಸ್ನಾನ ಮಾಡಿಸಿ ಒರೆಸುತ್ತಿರುವ ಹಾಗೆ ಮೃದುವಾಗಿ ಆಡುತ್ತಿರುವುದು ಕಂಡು ತನ್ನ ಮೇಲೆಯೇ ಅಸಹ್ಯವಾಯಿತು. ಈಚೆಗೆ ಎಲ್ಲದರಲ್ಲೂ ಹೀಗೆ ಮೃದುವಾಗಿಬಿಟ್ಟಿದ್ದೇನೆ ಎಂದುಕೊಂಡ. ಹೆಂಡತಿ ವೇಣಿಯೇ ಮೊನ್ನೆ ಅಂದಿದ್ದಳು, 'ಏನ್ರೀ, ಇತ್ತೀಚೆಗೆ ಬೈಯೋದನ್ನೇ ಬಿಟ್ಬಿಟ್ಟಿದ್ದೀರಾ, ಮೈಗೆ ಹುಷಾರಿಲ್ವಾ?'

"ಗುರುತು ಗಿರುತು ಏನೂ ಹಾಕ್ಬೇಡಿ ಲೋಕೇಶ್" ಎಂದಿದ್ದರು ರಾಜೇಂದ್ರ ಸಾರ್. ಪೀಣ್ಯ ಎರಡನೇ ಹಂತದ ಈ ಶೆಡ್ಡು, ಅದರೊಳಗಿನ ಹದಿನಾರು ಜನ, ಎಲ್ಲ ಅವರದೇ. "ಮಹಾನಂದಮ್ಮಂಗೆ ಎರಡೂ ಕೊಡಿ. ಯಾವುದು ಸೊಟ್ಟ ಅಂತ ಕೇಳಿ. ಕರೆಕ್ಟಾಗಿ ಹೇಳಿದ್ರೆ ನಾಳೆಯಿಂದಾನೇ ಬರ್ಲಿ. ಇಲ್ದಿದ್ರೆ ಸುಮ್ನೆ ಕಾಫಿ ಕುಡ್ಕೊಂಡು ಬಂದ್ಬಿಡಿ. ಈ ಹೊಸಬರ ಕೈಲಿ ದಿನಕ್ಕೆ ಆರು ಪೀಸ್ ಆಗ್ತಿಲ್ಲ ಕಣ್ರೀ, ಆ ಹೆಂಗಸು ಇಪ್ಪತ್ತು ಮಾಡೋರು." ಮಾಡೋರು ಎಂದಾಗ ಅವರ ದನಿಯಲ್ಲಿ ಸತ್ತವರ ಬಗ್ಗೆ ಆಡುವಾಗಿನ ಮರ್ಯಾದೆಯಿತ್ತು. ಲೋಕೇಶ ತಲೆಯಾಡಿಸಿದ. ಆಗಲೇ ಹೇಳಬಹುದಿತ್ತು. ಟೇಬಲ್ಲಿನ ಮೇಲೆ ಅವರ ತಣ್ಣಗಾದ ಟೀ ಲೋಟ, ಅದರೊಳಗೆ ಒಂದು ನೊಣ. ಅದನ್ನು ಎತ್ತಿ ಹೊರಗೆ ಹಾಕಲೇ ಬೇಡವೇ ಎಂದು ಯೋಚಿಸುತ್ತ ನಿಂತು, ಕೊನೆಗೆ ನೊಣವನ್ನೂ ಎತ್ತದೆ, ಮಾತನ್ನೂ ಎತ್ತದೆ ಹೊರಬಿದ್ದಿದ್ದ.

ಗೇಟಿನಲ್ಲಿ ಸ್ಟೋರಿನ ರಾಮಾಂಜಿನಪ್ಪ ಬೀಡಿ ಹಚ್ಚುತ್ತಿದ್ದ. "ಏನಣ್ಣೋ, ಬಂದೂಕಿನ ಕಣ್ಣು ಕಿತ್ಕೊಂಡು ಎತ್ಲಾಗೆ ಒಂಟೆ?"

"ಮಹಾನಂದಮ್ಮನ ಮನೆಗೆ."

"ಪೊಲೀಸ್ನೋರು ಇಡುದ್ರೆ ಪಾಯಸದ ಸೌಟು ಅನ್ನು, ಬಿಟ್ಬುಡ್ತಾರೆ." ತಾನೇ ನಕ್ಕ ರಾಮಾಂಜಿನಪ್ಪ, ನಂತರ ಗಂಭೀರನಾದ. "ಒಳ್ಳೇದ್ ಮಾಡ್ತಿದೀಯ ಬಿಡಣ್ಣ. ನೀನಿರೋವತ್ಗೆ ಆಯಮ್ಮಂಗೆ ಒಂದ್ ದಾರಿ. ಬೇರೆಯೋರು ಯಾವತ್ತೋ ಮರ್ತಿರೋರು."

ಸ್ಕೂಟರಿಗೆ ಎರಡು ಸಲ ಕಿಕ್ ಹೊಡೆದ. ಮೇ ತಿಂಗಳ ಹನ್ನೊಂದು ಗಂಟೆಯ ಬಿಸಿಲಿಗೆ ಸೀಟು ಕಾದು ಪ್ಯಾಂಟಿನೊಳಗಿನಿಂದ ಸುಟ್ಟಿತು. ರಸ್ತೆಯುದ್ದಕ್ಕೂ ಲೇತಿನ ಸದ್ದು, ಬಣ್ಣದ ಅಂಗಡಿಯ ಥಿನ್ನರ್ ವಾಸನೆ, ಕಬ್ಬಿಣದ ಸರಳು ಹೊತ್ತ ಟೆಂಪೋದ ಹಿಂದೆ ಬಾಲದ ಹಾಗೆ ಅಲ್ಲಾಡುವ ಕೆಂಪು ಚಿಂದಿ. ಅದನ್ನೇ ನೋಡುತ್ತ ಹೋದ. ಆವತ್ತೂ ಕೆಂಪು ಇತ್ತು, ಮೇಜಿನ ತುಂಬ. ಆಯುಧಪೂಜೆಯ ಹಿಂದಿನ ಸಂಜೆ ನೆಲ ತೊಳೆದು, ಡ್ರಿಲ್ಲಿಂಗ್ ಮಿಷನ್ನಿಗೆ ಬಾಳೆಕಂದು ಕಟ್ಟಿ, ಕಂಪ್ಯೂಟರಿಗೂ ಸೇವಂತಿಗೆ ಮುಡಿಸಿ, ಸಾರ್ ಹೇಳಿದ್ದರು, 'ನಮ್ಮಲ್ಲಿ ಸೀನಿಯರ್ ನೀವೇ ಲೋಕೇಶ್, ನೀವೇ ಕೂತ್ಕೊಳ್ಳಿ ಪೂಜೆಗೆ.' ಅವನು ಪಂಚೆ ಉಟ್ಟು ಬಂದಿದ್ದ. ಮಿಷನ್ನಿಂದ ಮಿಷನ್ನಿಗೆ ಗಂಧದ ಬಟ್ಟಲು ಹಿಡಿದು ನಡೆಯುವಾಗ ತನ್ನ ಹಿಂದೆ ಇಡೀ ಶೆಡ್ಡು ನಡೆದು ಬರುತ್ತಿದೆ ಎನ್ನುವ ಸುಖ ಬೆನ್ನಿಗೆ ತಾಕುತ್ತಿತ್ತು. ಕೊನೆಗೆ ಮಹಾನಂದಳ ಮೇಜು. ಅಲ್ಲಿ ಒಂದು ಉಕ್ಕಿನ ಪಟ್ಟಿ. ಅದನ್ನು ಎಲ್ಲರೂ ಸೀಟು ಎನ್ನುತ್ತಿದ್ದರು. ಸ್ಕೋಪಿನ ಚಪ್ಪಟೆ ತಳ ಅದರ ಮೇಲೆ ಕೂರಬೇಕು, ಶೆಡ್ಡಿನ ಆಚೆ ತುದಿಯಲ್ಲಿ ದಾರಕ್ಕೆ ಕಟ್ಟಿದ ತೂಕದ ಗುಂಡು ನೇತಾಡುತ್ತಿರಬೇಕು, ಒಳಗೆ ಕಣ್ಣಿಟ್ಟು ರೆಟಿಕಲ್ಲಿನ ಉಂಗುರವನ್ನು ಇಷ್ಟಿಷ್ಟೇ ತಿರುಗಿಸಿ ನಿಂತ ಗೆರೆ ಆ ದಾರವನ್ನು ಪೂರ್ತಿ ಮುಚ್ಚುವವರೆಗೆ ಉಸಿರು ಹಿಡಿಯಬೇಕು. ಮುಚ್ಚಿದಾಗ ಮೂರು ಸಣ್ಣ ಸ್ಕ್ರೂ ಬಿಗಿದು ಅಂಟು ಬಿಡಬೇಕು. ನಾಲ್ಕು ವರ್ಷ ಅವಳು ಮಾಡಿದ್ದು ಅದೊಂದೇ ಕೆಲಸ.

ಅವನು ಬೆರಳಿನ ತುಂಬ ಗಂಧ ತೆಗೆದಾಗ ಅವಳು ಮೆಲ್ಲಗೆ ಹೇಳಿದ್ದಳು. "ಅಣ್ಣಾರ, ಸೀಟಿಗೆ ಹಚ್ಚಬ್ಯಾಡ್ರಿ. ಬಾಜೂಕ ಹಚ್ರಿ. ಅದು ಕೂಡೂ ಜಾಗ."

ಅದರಲ್ಲಿ ತಪ್ಪೇನಿತ್ತು? ಏನೂ ಇರಲಿಲ್ಲ. ಆದರೆ ಸಾರ್ ಪಕ್ಕದಲ್ಲೇ ನಿಂತಿದ್ದರು. ಅವರ ಹೆಂಡತಿ ಕೈಯಲ್ಲಿ ಆರತಿ ತಟ್ಟೆ ಹಿಡಿದಿದ್ದರು. ಪಂಚೆ ಉಟ್ಟವನಿಗೆ ಎಲ್ಲರ ಎದುರು ಕೈ ಎಲ್ಲಿಡಬೇಕೆಂದು ಹೇಳಿಕೊಟ್ಟ ಹಾಗಾಗಿತ್ತು. "ಹಬ್ಬದ ದಿನಾನೂ ನಿಮ್ಮ ಇನ್‌ಸ್ಪೆಕ್ಷನ್ನಾ ಮಹಾನಂದಮ್ಮ? ದೇವರಿಗೂ ರಿಜೆಕ್ಷನ್ ಸ್ಲಿಪ್ ಬರೆದ್ಬಿಡ್ತೀರಾ?" ಎಂದ. ಎಲ್ಲರೂ ನಕ್ಕರು. ಅವಳೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವನು ಸೀಟಿನ ಮೇಲೆಯೇ ಬೆಟ್ಟಿನಿಂದ ಒತ್ತಿ ಗಂಧ ಹಚ್ಚಿ, ಕುಂಕುಮವಿಟ್ಟು, ಅಕ್ಷತೆ ಹಾಕಿದ. ಮೂರು ದಿನದ ರಜೆ ಮುಗಿಸಿ ಬಂದಾಗ ಅದನ್ನು ಒರೆಸಿದವನೂ ಅವನೇ. ಒರೆಸಿದ್ದು ಅವಸರದಲ್ಲಿ, ವೇಸ್ಟಿನ ಒಣ ತುಂಡಿನಿಂದ, ಫೋನಿನಲ್ಲಿ ಯಾರದೋ ಜೊತೆ ಮಾತಾಡುತ್ತ. ಅವಳು ಬಂದು ಕೆಲಸ ಶುರುಮಾಡುವ ಮೊದಲು ದಿನಾ ಮಾಡುವಂತೆ ಉಂಗುರದ ಬೆರಳನ್ನು ಸೀಟಿನ ಉದ್ದಕ್ಕೂ ಆಡಿಸಲು ಕೈ ಚಾಚಿದಾಗ, ಅವನೊಳಗೆ ಇನ್ನೂ ಏನೋ ಚುಚ್ಚುತ್ತಿತ್ತು. "ನಾನೇ ಒರೆಸಿದ್ದೀನಿ. ಪೂಜೆ ಮಾಡಿದ ಜಾಗ, ಮೇಲಿಂದ ಮೇಲೆ ಪರೀಕ್ಷೆ ಮಾಡ್ಬೇಡಿ." ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಚಾಚಿದ್ದ ಆ ಕೈ, ಬೆರಳಿನಲ್ಲಿ ಸವೆದ ತಾಮ್ರದ ಉಂಗುರ, ಅದು ಹಿಂದೆ ಸರಿದ ರೀತಿ. ಎಂಟನೇ ಮೈಲಿಯ ಸಿಗ್ನಲ್ಲಿನಲ್ಲಿ ಹಿಂದಿನವರು ಹಾರ್ನ್ ಬಾರಿಸಿದಾಗ ಅವನು ಬೆಚ್ಚಿದ. ದೀಪ ಯಾವಾಗಲೋ ಹಸಿರಾಗಿತ್ತು. "ಏನ್ ಗುರು, ಮನೇಲಿ ಮಲ್ಗೋಕಾಗ್ಲಿಲ್ವಾ?" ಎಂದು ಕೂಗಿ ಒಬ್ಬ ಮುಂದೆ ಹೋದ.

ಎರಡು ದಿನದಲ್ಲಿ ನಲವತ್ತೆರಡು ಸ್ಕೋಪು. ಆ ಆರ್ಡರಿಗಾಗಿಯೇ ಮಾಡಿಸಿದ್ದ ಸೀಟು ಅದು, ಕೆಲಸ ಮುಗಿದ ಮೇಲೆ ಕಾಗದ ಸುತ್ತಿ ಡ್ರಾಯರಿಗೆ ಸೇರಿತು. ಕೊನೆಯ ತಪಾಸಣೆ ಮಾಡಿ ಸಹಿ ಹಾಕಿದವನೂ ಲೋಕೇಶನೇ. ತಪಾಸಣೆಯೂ ಅದೇ ಸೀಟಿನ ಮೇಲಾದ್ದರಿಂದ ಎಲ್ಲವೂ ದಾರದಷ್ಟು ನೆಟ್ಟಗೆ ಕಂಡವು. ತಿಂಗಳ ನಂತರ ದೂರು ಬಂತು: ಮುನ್ನೂರು ಮೀಟರಿನಲ್ಲಿ ಗುಂಡುಗಳೆಲ್ಲ ಒಂದೇ ಕಡೆಗೆ ಸರಿಯುತ್ತಿವೆ. ಸಾರ್ ಕೂಗಾಡುತ್ತಿದ್ದಾಗ ಅವನು ಯಾರಿಗೂ ಹೇಳದೆ ಹೋಗಿ ಡ್ರಾಯರು ತೆಗೆದ. ಪಟ್ಟಿಯ ಒಂದು ಅಂಚಿನಲ್ಲಿ, ಉದ್ದಕ್ಕೂ, ಒಣಗಿ ಕಲ್ಲಾದ ಗಂಧ. ಅದರಲ್ಲಿ ಹುಗಿದು ನಿಂತ ಅಕ್ಷತೆಯ ನುಚ್ಚು. ಅಳೆದರೆ ಅರ್ಧ ಮಿಲಿಮೀಟರ್. ಅದರ ಮೇಲೆ ಕೂತ ಸ್ಕೋಪೇ ವಾಲಿದ್ದರಿಂದ, ಇಲ್ಲಿ ನೆಟ್ಟಗೆ ಕಂಡ ಗೆರೆ ಬಂದೂಕಿನ ಮೇಲೆ ಸೊಟ್ಟಗಾಗಿತ್ತು. ಆ ಕ್ಷಣದಲ್ಲಿ ಅವನು ಏನನ್ನೂ ನಿರ್ಧರಿಸಲಿಲ್ಲ, ಇದನ್ನು ಅವನು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಹೆಬ್ಬೆರಳಿನ ಉಗುರು ತಾನಾಗಿ ಕೆರೆಯತೊಡಗಿತು. ಒಂದು ಸಣ್ಣ ಚಕ್ಕೆ ಎದ್ದು ಬಂತು, ಇನ್ನೊಂದು ಬಂತು, ಅಂಗಿಯ ಚುಂಗಿನಿಂದ ಒರೆಸಿದ. ಗಂಧದ ವಾಸನೆ ಇನ್ನೂ ಇತ್ತು. ಆಮೇಲೆ ಎಲ್ಲರೂ ಬಂದು ಸೀಟನ್ನು ಅಳೆದರು, ಅದು ಕನ್ನಡಿಯ ಹಾಗಿತ್ತು. ಲೋಕೇಶನ ಸಹಿ ಅವಳನ್ನು ನಂಬಿ ಹಾಕಿದ್ದೆಂದು ಎಲ್ಲರೂ ತಿಳಿದುಕೊಂಡರು. ಉಳಿದದ್ದು ಒಂದೇ, ಅವಳ ಕಣ್ಣು.

ಅವಳೇ ನೆನಪಿಸಿಕೊಂಡು ಹೇಳಿದ್ದಳು, "ಆವತ್ತು ನನ್ನ ತಲಿ ಭಾಳ ನೋಯಾಕತ್ತಿತ್ತು ನೋಡ್ರಿ ಸಾಹೇಬ್ರ." ಸಾರ್ ಅದನ್ನು ಹಿಡಿದುಕೊಂಡರು. ಬೈಯಲಿಲ್ಲ, ಪಾಪ ಎಂದರು. ಆಮೇಲೆ ಅವಳು ಒಂದೊಂದು ಸ್ಕೋಪಿಗೂ ಪಕ್ಕದವರನ್ನು ಕರೆದು ತೋರಿಸತೊಡಗಿದಳು, ಇಪ್ಪತ್ತು ಇದ್ದದ್ದು ಎಂಟಕ್ಕೆ ಇಳಿಯಿತು, ಪ್ಯಾಕಿಂಗಿಗೆ ಹಾಕಿದರು, ಸಂಕ್ರಾಂತಿಯ ಹೊತ್ತಿಗೆ ತಾನಾಗಿಯೇ ಬಿಟ್ಟು ಹೋದಳು. ಲೋಕೇಶ ಅವಳ ಪರವಾಗಿ ಸಾರ್ ಜೊತೆ ವಾದಿಸಿದ್ದ. ಕಣ್ಣಿನ ಆಸ್ಪತ್ರೆಗೆ ತನ್ನ ಸ್ಕೂಟರಿನಲ್ಲೇ ಕರೆದೊಯ್ದಿದ್ದ. ವೇಣಿ ಮಾಡಿದ ಎಳ್ಳುಬೆಲ್ಲ, ಯುಗಾದಿಯ ಒಬ್ಬಟ್ಟು ತೆಗೆದುಕೊಂಡು ಬಾಗಲಗುಂಟೆಯ ಅವಳ ಮನೆಯ ಮೆಟ್ಟಿಲುಗಳನ್ನು ಹತ್ತಿದ್ದ. ಪ್ರತಿ ಸಲವೂ ಹೇಳಲೆಂದೇ ಹೊರಟು, ಡಬ್ಬಿ ಕೊಟ್ಟು ಬಂದಿದ್ದ.

ಇವತ್ತು ಮೆಟ್ಟಿಲು ಹತ್ತಿದಾಗ ಬಾಗಿಲು ತೆರೆದೇ ಇತ್ತು. ಮಹಾನಂದ ಗ್ಯಾಸ್ ಒಲೆಯ ಮುಂದೆ ನಿಂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಬಿಳಿ ಬಟ್ಟೆಯ ಮೇಲೆ ಎತ್ತರಕ್ಕೆ ಪೇರಿಸಿಟ್ಟ ರೊಟ್ಟಿ. ಊರಿನ ಕಡೆಯಿಂದ ಬಂದು ರೂಮು ಮಾಡಿಕೊಂಡಿರುವ ಹುಡುಗರಿಗೆ ಮಾಡಿಕೊಡುತ್ತಾಳೆ. ಮೊಣಕೈವರೆಗೆ ಹಿಟ್ಟು. ಅವನನ್ನು ಕಂಡು ಮುಖ ಅರಳಿತು.

"ಬರ್ರಿ ಅಣ್ಣಾರ, ಬರ್ರಿ. ಎಂಥಾ ಬಿಸಲಾಗ ಬಂದೀರಿ. ವೇಣಿ ಅಕ್ಕಾರು ಆರಾಮ ಅದಾರ?"

"ಆರಾಮಾಗಿದ್ದಾಳೆ. ಕೆಲಸ ಜೋರಾ?"

"ಜೋರ್ರಿ. ಇದ ಬೇಸಿ ನೋಡ್ರಿ, ರೊಟ್ಟಿ ಸೊಟ್ಟ ಆದ್ರ ಯಾರೂ ವಾಪಸ್ ಕಳಸಂಗಿಲ್ಲ." ನಕ್ಕಳು. ಅವನೂ ನಗಬೇಕಾಯಿತು. ಮಜ್ಜಿಗೆ ಕೊಟ್ಟಳು, ಅದರಲ್ಲಿ ಕರಿಬೇವು ತೇಲುತ್ತಿತ್ತು. ಸಾರ್ ಮತ್ತೆ ಕರೆಯುತ್ತಿದ್ದಾರೆ ಎಂದು ಹೇಳಿದಾಗ ಅವಳು ಒಲೆ ಸಣ್ಣ ಮಾಡಿದಳು. ಎರಡು ಸ್ಕೋಪು ತೋರಿಸಬೇಕಂತೆ ಎಂದಾಗ ಒಲೆ ಆರಿಸಿಯೇ ಬಿಟ್ಟಳು. ಕೈ ತೊಳೆದು, ಸೆರಗಿಗೆ ಒರೆಸಿ, ಬಳಿಕ ಸೆರಗು ಸಾಲದೆಂಬಂತೆ ಒಳಗಿನಿಂದ ಒಗೆದ ಟವೆಲ್ಲು ತಂದು ಒಂದೊಂದೇ ಬೆರಳನ್ನು ಒರೆಸಿಕೊಂಡಳು. ಪರೀಕ್ಷೆಗೆ ಕೂರುವ ಹುಡುಗಿಯ ಹಾಗೆ. ಹೇಳಿಬಿಡು, ಈಗ, ಅವಳು ಬಗ್ಗುವ ಮೊದಲು, ಎಂದುಕೊಂಡ. ಆದರೆ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದ. ಒಳಗೊಳಗೇ ಅವನಿಗೆ ಒಂದು ಆಸೆಯಿತ್ತು. ಅವಳು ಸರಿಯಾಗಿ ಹೇಳಿಬಿಡಲಿ, ಕೆಲಸಕ್ಕೆ ಬರಲಿ, ಎಲ್ಲ ಮೊದಲಿನ ಹಾಗಾಗಲಿ. ಆಗ ಹೇಳುವ ಅಗತ್ಯವೇ ಇರುವುದಿಲ್ಲ. ಬೆಳಿಗ್ಗೆಯಿಂದ ಅವನನ್ನು ಇಲ್ಲಿಯವರೆಗೆ ತಂದದ್ದು ಪಶ್ಚಾತ್ತಾಪವಲ್ಲ, ಈ ಆಸೆಯೇ ಎಂದು ಅವನಿಗೆ ಹೊಳೆದದ್ದು ಆಗಲೇ.

ಕಿಟಕಿಯ ಕಡಪಾ ಕಲ್ಲಿನ ಮೇಲೆ ಅವನು ತಂದಿದ್ದ ರಸಮಟ್ಟವನ್ನು ಅವಳೇ ಇಟ್ಟಳು. ಗುಳ್ಳೆ ಪಕ್ಕಕ್ಕೆ ಓಡಿತು. ಒಂದು ಕಡೆಗೆ ದಿನಪತ್ರಿಕೆಯ ಮಡಿಕೆ ಕೊಟ್ಟು, ಮೇಲೊಂದು ಉಕ್ಕಿನ ಸ್ಕೇಲು ಹಾಸಿ, ಗುಳ್ಳೆ ನಡುವಿಗೆ ಬರುವವರೆಗೆ ಮಡಿಕೆಯನ್ನು ಒಳಗೆ ತಳ್ಳಿ ಹೊರಗೆ ಎಳೆದಳು. ಆ ಕೈಗಳಿಗೆ ಏನೂ ಮರೆತಿರಲಿಲ್ಲ. ಮೊದಲ ಸ್ಕೋಪಿನ ಬಟ್ಟೆ ಬಿಚ್ಚಿ ಅದರ ಚಪ್ಪಟೆ ತಳದ ಮೇಲೆ ಬೆರಳು ಆಡಿಸಿ, ಸ್ಕೇಲಿನ ಮೇಲೆ ಕೂರಿಸಿ, ಎರಡು ರಸ್ತೆಯಾಚೆ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಲಿಫ್ಟ್ ಗೋಡೆಯ ಅಂಚಿಗೆ ಹಿಡಿದಳು. ಅದು ಸೊಟ್ಟಗಿದ್ದದ್ದು, ತಾನೇ ಸುತ್ತಿದ ಬಟ್ಟೆಯಿಂದ ಅವನಿಗೆ ಗೊತ್ತಾಗಿತ್ತು. ಲೋಕೇಶ ಮಜ್ಜಿಗೆಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವಳು ಬಹಳ ಹೊತ್ತೇನೂ ತೆಗೆದುಕೊಳ್ಳಲಿಲ್ಲ.

"ಇದು ವಾಲೇತ್ರಿ ನನ್ನ ಕಣ್ಣಿಗೆ."

ಎರಡನೆಯದನ್ನು ಇಟ್ಟಳು. ನೋಡಿದಳು. "ಇದು ಗೋಡಿಗೆ ಸಮಾ ನೆಟ್ಟಗ ಕಾಣತೈತಿ."

ಅವನ ಎದೆಯಿಂದ ಏನೋ ಹಗುರವಾಗಿ ಮೇಲಕ್ಕೆದ್ದಿತು. "ಸರಿಯಾಗಿ..." ಎಂದು ಬಾಯಿ ತೆರೆದ.

"ಅಂದ್ರ," ಎಂದಳು ಮಹಾನಂದ, ಕಣ್ಣು ಉಜ್ಜಿಕೊಳ್ಳುತ್ತ, "ಮೊದಲನೇದ ನೆಟ್ಟಗೈತಿ. ಈ ಎರಡನೇದು ಸೊಟ್ಟ. ಸಾಹೇಬ್ರಿಗೆ ಹಂಗ ಹೇಳ್ರಿ."

"ಏನಂದ್ರಿ?"

"ನನ್ನ ಕಣ್ಣು ಉಲ್ಟಾ ಅದಾವಲ್ರಿ." ತಾನು ಕಂಡುಹಿಡಿದ ಒಂದು ಜಾಣತನವನ್ನು ನಂಬಿಕೆಯ ಮನುಷ್ಯನಿಗೆ ತೋರಿಸುವವಳ ಹಾಗೆ ಅವಳು ದನಿ ತಗ್ಗಿಸಿದಳು. "ಆವತ್ತು ನನಗ ನೆಟ್ಟಗ ಕಂಡದ್ದೆಲ್ಲಾ ಸೊಟ್ಟ ಇತ್ತು ಹೌದಿಲ್ರಿ? ಅದಕ್ಕ ಈಗ ನಾ ಒಂದು ಹಿಕ್ಮತ್ ಮಾಡೀನಿ. ವಾಲಿದ್ದು ಕಂಡ್ರ ನೆಟ್ಟಗ ಅಂತ ತಿಳ್ಕೊಳ್ಳೂದು. ಮನ್ಯಾಗೂ ಹಂಗ. ಮೊನ್ನೆ ಗೋಡಿಗೆ ಕ್ಯಾಲೆಂಡರ್ ಹಾಕಿದ್ನಲ್ರಿ, ನಮ್ಮ ಮನಿಯವರು ನೋಡಿ ನಕ್ಕರು, ಇದೇನ ಹಿಂಗ ಹಾಕೀದಿ ಅಂತ. ನನಗೂ ವಾಲಿದ್ದ ಕಾಣತಿತ್ರಿ. ಆದ್ರೂ ಹಾಕಿದ್ನಿ. ಇನ್ನೂ ರೂಢಿ ಆಗಬೇಕು."

"ಡಾಕ್ಟ್ರು ಏನೂ ತೊಂದರೆ ಇಲ್ಲ ಅಂದ್ರಲ್ಲ ಮಹಾನಂದಮ್ಮ."

"ಡಾಕ್ಟ್ರು ಅಕ್ಷರ ಓದಸ್ತಾರ್ರಿ. ಸೊಟ್ಟ ನೆಟ್ಟಗ ಎಲ್ಲಿ ನೋಡ್ತಾರ?"

ಹೊರಗೆ ತರಕಾರಿ ಗಾಡಿಯವನ ಮೈಕು ಟೊಮೆಟೊ ಟೊಮೆಟೊ ಎಂದು ಒಂದೇ ದನಿಯಲ್ಲಿ ಹೇಳುತ್ತಿತ್ತು. ಅದು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೆ ಅವನು ಕಾದ. ಆಮೇಲೆ ಹೇಳಿದ. ಆರು ತಿಂಗಳಿನಿಂದ ಮನಸ್ಸಿನಲ್ಲಿ ಕಟ್ಟಿಟ್ಟಿದ್ದ ವಾಕ್ಯಗಳು ಯಾವುವೂ ಒದಗಲಿಲ್ಲ. ಮಾಲು ಒಪ್ಪಿಸುವವನ ಹಾಗೆ ಹೇಳಿದ. "ನಿಮ್ಮ ಕಣ್ಣಲ್ಲಿ ಏನೂ ತಪ್ಪಿರ್ಲಿಲ್ಲ. ಸೀಟ್ ಮೇಲೆ ಗಂಧ ಒಣಗಿತ್ತು. ಪೂಜೇಲಿ ನಾನು ಹಚ್ಚಿದ್ದು. ನಾನೇ ಸರಿಯಾಗಿ ಒರೆಸಿರ್ಲಿಲ್ಲ. ನೀವು ಮುಟ್ಟಿ ನೋಡೋಕೆ ಬಂದ್ರೆ ಬೇಡ ಅಂದೆ. ಕಂಪ್ಲೇಂಟ್ ಬಂದ ದಿನ ಡ್ರಾಯರಿಂದ ತೆಗೆದು ನೋಡಿದೆ, ಅರ್ಧ ಮಿಲಿಮೀಟರ್ ಇತ್ತು. ಉಗುರಲ್ಲಿ ಕೆರೆದು ತೆಗೆದ್ಬಿಟ್ಟೆ. ಯಾರಿಗೂ ಹೇಳ್ಲಿಲ್ಲ. ನಿಮ್ಮ ಮೇಲೆ ಬಂತು. ಸುಮ್ನಿದ್ದೆ."

ಅವಳ ಹುಬ್ಬಿನ ಮೇಲೆ ಹಿಟ್ಟಿನ ಒಂದು ಗೆರೆಯಿತ್ತು. ಅವಳು ಕಿರುಚಬಹುದು, ರೊಟ್ಟಿಯ ಹಲಗೆ ಎತ್ತಿ ಎಸೆಯಬಹುದು, ಕುಸಿದು ಅಳಬಹುದು. ಅವನು ಈ ಮೂರಕ್ಕೂ ಎಷ್ಟೋ ಸಲ ತನ್ನನ್ನು ಸಿದ್ಧಮಾಡಿಕೊಂಡಿದ್ದ. ಅವಳು ಮೆಲ್ಲಗೆ ಮುಗುಳ್ನಕ್ಕಳು. ಕಣ್ಣು ತುಂಬಿ ಬಂತು.

"ಸಾಹೇಬ್ರು ಹಿಂಗ ಹೇಳಂತ ಕಳಸ್ಯಾರೇನ್ರಿ?"

"ಇಲ್ಲ. ಅವರಿಗೆ ಗೊತ್ತೇ ಇಲ್ಲ."

"ಮತ್ತ ನೀವ ಕಟ್ಟೀರಿ ಈ ಕತಿ."

"ಕತೆ ಅಲ್ಲ ಮಹಾನಂದಮ್ಮ. ನಿಜ. ದೇವ್ರಾಣೆಗೂ ನಿಜ."

"ನನ್ನ ಧೈರ್ಯಾಕ ಹೇಳಾಕತ್ತೀರಿ, ನನಗ ಗೊತ್ತಾಗಂಗಿಲ್ಲೇನ್ರಿ? ಖರೇ ಇದ್ದಿದ್ರ ಆವತ್ತ ಹೇಳ್ತಿದ್ರಿ. ನೀವು ಅಂಥಾ ಮನಷ್ಯಾ ಅಲ್ರಿ ಅಣ್ಣಾರ. ಸಾಹೇಬ್ರ ಮುಂದ ನನ್ನ ಸಲುವಾಗಿ ಜಗಳಾಡಿದವರು ಯಾರು? ದವಾಖಾನಿಗೆ ಕರಕೊಂಡು ಹೋಗಿ ಮೂರು ತಾಸು ಹೊರಗ ಕುಂತವರು ಯಾರು? ನಮ್ಮ ಸ್ವಂತ ಅಣ್ಣ ಫೋನ್ ಮಾಡಂಗಿಲ್ಲ, ನೀವು ಹಬ್ಬಕ್ಕ ಹಬ್ಬಕ್ಕ ಬರ್ತೀರಿ."

"ಅದಕ್ಕೇ ಬರ್ತಿದ್ದೆ! ತಪ್ಪು ಮಾಡಿದ್ದಕ್ಕೇ ಬರ್ತಿದ್ದೆ."

"ತಪ್ಪು ಮಾಡಿದವರು ಯಾರರ ಬರ್ತಾರೇನ್ರಿ? ಮುಖಾ ತಪ್ಪಿಸಿ ತಿರಗ್ತಾರ."

ಅವನು ಮತ್ತೆ ಹೇಳಿದ. ಗಂಧ ಯಾವ ಅಂಚಿನಲ್ಲಿತ್ತು, ಅಕ್ಷತೆಯ ನುಚ್ಚು ಎಷ್ಟಿತ್ತು, ಯಾವ ಅಂಗಿಯಿಂದ ಒರೆಸಿದ ಎಂದೆಲ್ಲ ಹೇಳಿದ. ಹೇಳುತ್ತ ಹೋದಂತೆ ಅವನಿಗೇ ಅದು ಅತಿಯಾಗಿ ಜೋಡಿಸಿದ ಕತೆಯಂತೆ ಕೇಳತೊಡಗಿತು. ಸಾಕ್ಷಿ ಯಾವುದೂ ಇರಲಿಲ್ಲ. ಕೆರೆದ ಉಗುರು ಬೆಳೆದು, ಕತ್ತರಿಸಿ, ಮತ್ತೆ ಬೆಳೆದು ಎಷ್ಟು ಸಲವಾಯಿತೋ. ಸೀಟು ಕನ್ನಡಿಯ ಹಾಗಿದೆ. ಅವನನ್ನು ಒಳ್ಳೆಯವನೆಂದು ಹೇಳುವ ಸಾಕ್ಷಿಗಳು ಮಾತ್ರ ಊರೆಲ್ಲ ಇವೆ, ಅವನೇ ಡಬ್ಬಿಗಳಲ್ಲಿ ಹೊತ್ತು ತಂದವು. ತೋರಿಸಿದ್ದ ಕರುಣೆಯೆಲ್ಲ ಈಗ ಅವನ ಬಾಯಿಯನ್ನು ಮುಚ್ಚುತ್ತಿತ್ತು. ಅವಳು ಅಷ್ಟು ದೂರದ ಗೋಡೆಯ ಒಂದು ಡಿಗ್ರಿಯನ್ನು ಬರಿಗಣ್ಣಿನಷ್ಟು ಸುಲಭವಾಗಿ ಹಿಡಿದಿದ್ದಳು, ಎರಡಡಿ ಎದುರಿಗೆ ನಿಂತ ಅವನನ್ನು ಕೂಡ ಏಳು ತಿಂಗಳ ಹಿಂದೆ ಅವಳು ಸರಿಯಾಗಿಯೇ ಕಂಡಿದ್ದಿರಬಹುದು. ಬೇಡ ಎಂದಾಗ ಕೈ ಹಿಂದೆ ತೆಗೆದುಕೊಳ್ಳುವ ಮೊದಲು ಒಂದು ಕ್ಷಣ ಅವನ ಮುಖ ನೋಡಿದ್ದಳಲ್ಲ. ಆ ನೋಟವನ್ನೂ ಅವಳು ಈಗ ಉಲ್ಟಾ ತಿರುಗಿಸಿಟ್ಟುಕೊಂಡಿದ್ದಾಳೆ.

"ಇವತ್ತೇ ಸಾರ್‌ಗೂ ಹೇಳ್ತೀನಿ" ಎಂದ.

ಆಗ ಅವಳು ಹೆದರಿದಳು. "ಹಂಗ ಮಾಡಬ್ಯಾಡ್ರಿ! ನನ್ನ ಸಲುವಾಗಿ ಸುಳ್ಳು ಹೇಳಿ ನಿಮ್ಮ ಹೊಟ್ಟಿ ಮ್ಯಾಲ ಹೊಡಕೊಳ್ಳೂದು ಬ್ಯಾಡ. ಹೇಳಂಗಿಲ್ಲ ಅಂತ ವಚನ ಕೊಡ್ರಿ." ಅಂಗೈ ಮುಂದೆ ಚಾಚಿದಳು. ಲೋಕೇಶ ಆ ಅಂಗೈಯನ್ನು ನೋಡಿದ. ತನ್ನ ಕೈಯನ್ನು ಲೋಟದಿಂದ ಬಿಡಿಸಲಾರದೆ ನಿಂತ. ಅವಳು ಅದನ್ನೂ ಅವನ ದೊಡ್ಡತನವೆಂದೇ ತಿಳಿದವಳಂತೆ ತಲೆಯಾಡಿಸಿ ಕೈ ಇಳಿಸಿದಳು. "ನಾ ಬರ್ತೀನ್ರಿ ಕೆಲಸಕ್ಕ. ಆದ್ರ ಪ್ಯಾಕಿಂಗಿಗೆ ಹಾಕಸ್ರಿ. ಗೆರಿ ನೋಡೂ ಕೆಲಸ ನನಗ ಬ್ಯಾಡ. ಯಾರದರ ಜೀವದ ಪ್ರಶ್ನೆ ಇರತೈತಿ."

ಅವಳೇ ಎರಡು ಸ್ಕೋಪುಗಳನ್ನೂ ಬಟ್ಟೆಯಲ್ಲಿ ಸುತ್ತಿದಳು. ಬ್ಯಾಗು ಹಿಡಿದುಕೊಂಡು ಅವನ ಹಿಂದೆ ಮೆಟ್ಟಿಲು ಇಳಿದು ಬಂದಳು. ಕೆಳಗೆ, ನೆರಳು ಬಿದ್ದ ಕೊನೆಯ ಮೆಟ್ಟಿಲ ಮೇಲೆ ಕೆಳಗಿನ ಮನೆಯ ಶಿವಲಿಂಗಮ್ಮ ಹುರುಳಿಕಾಯಿಯ ಮೊರ ಮುಂದಿಟ್ಟುಕೊಂಡು ಕೂತಿದ್ದರು. ಎಪ್ಪತ್ತು ದಾಟಿದ, ದಾವಣಗೆರೆ ಕಡೆಯ ಮುದುಕಿ, ಹಣೆಯ ಮೇಲೆ ದಟ್ಟ ವಿಭೂತಿ. ದಾರಿ ಬಿಡಲೆಂದು ಮೊರ ಎತ್ತಿಕೊಂಡು ಎದ್ದು ನಿಂತರು.

"ಯಾರವ್ವ ಇವ್ರು? ಹಬ್ಬಕ್ಕೆ ಬರ್ತಾರಲ್ಲ, ಅವರೇ ಏನು?"

"ಹೌದ್ರಿ ಅಮ್ಮಾರ. ನಮ್ಮ ಫ್ಯಾಕ್ಟರಿ ಅಣ್ಣಾರು." ಮಹಾನಂದಳ ದನಿ ಒದ್ದೆಯಾಗಿತ್ತು, ಅದರಲ್ಲಿ ಹೆಮ್ಮೆಯೂ ಇತ್ತು. "ಎಂಥಾ ಮನಷ್ಯಾರು ಅಂತೀರಿ. ನಾ ಮಾಡಿದ ತಪ್ಪು ತಮ್ಮ ಮೈಮ್ಯಾಲ ಹಾಕ್ಕೊಳ್ಳಾಕತ್ಯಾರ. ತಾವ ಮಾಡಿದ್ದು ಅಂತ ಆಣಿ ಮಾಡಿ ಹೇಳಾಕತ್ಯಾರ್ರಿ, ನನ್ನ ಮನಸಿಗೆ ಸಮಾಧಾನ ಆಗ್ಲಿ ಅಂತ."

ಶಿವಲಿಂಗಮ್ಮ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಮೊರವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಅಷ್ಟು ವಯಸ್ಸಿನವರು, ಅವನಿಗೆ ಕೈ ಮುಗಿದರು. "ನಿಮ್ಮಂಥೋರು ಇರೋದ್ರಿಂದಾನೇ ಮಳೆ ಬೆಳೆ ಕಣಪ್ಪ" ಎಂದರು. ಕೆಲವು ಹುರುಳಿಕಾಯಿ ಮೆಟ್ಟಿಲ ಮೇಲೆ ಉದುರಿದವು.

ಇಲ್ಲ, ಎಂದು ಅವನು ಹೇಳಬೇಕಿತ್ತು. ಬಾಯಿ ತೆರೆದೂ ತೆರೆದ. ಆದರೆ ಹಿರಿಯರು ಕೈ ಮುಗಿದು ನಿಂತಿದ್ದರು, ಅದಕ್ಕೆ ತಿರುಗಿ ಮುಗಿಯದೆ ನಿಲ್ಲುವುದು ಹೇಗೆಂದು ಅವನ ದೇಹಕ್ಕೆ ಗೊತ್ತಿರಲಿಲ್ಲ. ಎರಡು ಕೈಗಳೂ ತಾವಾಗಿಯೇ ಎದ್ದು, ಎದೆಯ ಮುಂದೆ ಒಂದಕ್ಕೊಂದು ಕೂಡಿಕೊಂಡವು.